ಬಯಾಪ್ಸಿ ಗನ್‌ಗೆ ಪೌಚ್ ಸಾಕಾ, ಟ್ರೇ ಬೇಕಾ? ಮೋಲ್ಡ್ ಆರ್ಡರ್ ಹೋಗುವ ಮೊದಲು ಕೇಳುತ್ತಿದ್ದೇನೆ

ಸ್ಪ್ರಿಂಗ್‌ಬಟನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಕ್ಕ ತಂಡ. ಒಮ್ಮೆ ಬಳಸಿ ಬಿಸಾಡುವ ಬಯಾಪ್ಸಿ ಗನ್ ಒಂದನ್ನು ಡಿಸೈನ್ ಮಾಡುತ್ತಿದ್ದೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಸ್ಪ್ರಿಂಗ್ ಎಳೆದು ಕೂರಿಸಿ ಬಟನ್ ಒತ್ತಿದರೆ ಒಳಗಿನ ಸೂಜಿ ಮುಂದಕ್ಕೆ ಚಿಮ್ಮುತ್ತದೆ, ಅದರ ಬೆನ್ನಿಗೇ ಹೊರಗಿನ ಟೊಳ್ಳು ಸೂಜಿ ಬಂದು ಅಂಗಾಂಶದ ಒಂದು ಚೂರನ್ನು ಕತ್ತರಿಸಿ ಒಳಗೇ ಹಿಡಿದುಕೊಳ್ಳುತ್ತದೆ.

ಹಿಡಿಕೆ ಎಬಿಎಸ್ ಪ್ಲಾಸ್ಟಿಕ್. ಬಟನ್ ಕೆಳಗೆ ಸ್ಪ್ರಿಂಗ್ ಹಿಡಿದಿಡುವ ಕೊಕ್ಕೆ ಅಸಿಟಾಲ್ ಅನ್ನುವ ಇನ್ನೊಂದು ಪ್ಲಾಸ್ಟಿಕ್, ಯಾಕಂದ್ರೆ ಅದು ಚೆನ್ನಾಗಿ ಜಾರುತ್ತದೆ, ಬೇಗ ಸವೆಯುವುದಿಲ್ಲ. ಸೂಜಿ ಸ್ಟೇನ್‌ಲೆಸ್ ಸ್ಟೀಲ್, ಅದರ ಮೇಲೆ ಮೆತ್ತಗಿನ ಪಾಲಿಥಿನ್ ಕೊಳವೆ. ಮೋಲ್ಡ್ (ಅಚ್ಚು) ಡ್ರಾಯಿಂಗ್‌ಗಳು ಬಹುತೇಕ ಮುಗಿದಿವೆ, ಇನ್ನು ಆರ್ಡರ್ ಕೊಡುವುದಷ್ಟೇ ಬಾಕಿ.

ಪ್ಯಾಕಿಂಗ್ ಬಗ್ಗೆ ಇಲ್ಲಿಯವರೆಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಆಫೀಸಲ್ಲಿ ಎಲ್ಲರದ್ದೂ ಒಂದೇ ಮಾತು: ಪೌಚ್‌ಗೆ ಹಾಕಿ, ಗಾಮಾ ಹೊಡೆಸಿ (ಸೂಕ್ಷ್ಮಜೀವಿ ಸಾಯಲಿ ಅಂತ ಗಾಮಾ ಕಿರಣ ಹಾಯಿಸಿ), ಬಾಕ್ಸ್‌ಗೆ ತುಂಬಿ, ಮುಗೀತು. ನನಗೆ ಅಷ್ಟು ಸಲೀಸು ಅನ್ನಿಸುತ್ತಿಲ್ಲ. ಗಾಮಾ ಸರಿಯಾ ಅಥವಾ ಇಟಿಒಗೆ, ಅಂದರೆ ಎಥಿಲೀನ್ ಆಕ್ಸೈಡ್ ಅನಿಲಕ್ಕೆ ಹೋಗಬೇಕಾ? ಪೌಚ್ ಸಾಕಾ, ಇಲ್ಲ ಟ್ರೇ ಬೇಕೇ ಬೇಕಾ? ಎರಡು ವರ್ಷದ ಎಕ್ಸ್‌ಪೈರಿ ಹಾಕಬೇಕು ಅಂತಿದ್ದೇವೆ, ಅದಕ್ಕೆ ಎರಡು ವರ್ಷ ಕಾಯಬೇಕಾ? ಇನ್ನೊಂದು, ಮಾರ್ಕೆಟಿಂಗ್‌ನವರಿಗೆ ಸ್ಪ್ರಿಂಗ್ ಮೊದಲೇ ಎಳೆದು ಕೂರಿಸಿದ ಸ್ಥಿತಿಯಲ್ಲೇ ಕಳಿಸುವ ಆಸೆ ಇದೆ, ಡಾಕ್ಟರಿಗೆ ಒಂದು ಹೆಜ್ಜೆ ಕಡಿಮೆಯಾಗುತ್ತದಲ್ಲ ಅಂತ. ಹೈಡ್ರೋಜನ್ ಪೆರಾಕ್ಸೈಡ್, ಎಕ್ಸ್-ರೇ, ಮರುಬಳಕೆ ಆಗುವ ಪ್ಯಾಕ್ ಅಂತೆಲ್ಲ ಈಗ ಜಾಸ್ತಿ ಕೇಳಿಬರುತ್ತಿದೆ. ನಮ್ಮಂಥವರು ಅದರ ಹಿಂದೆ ಹೋಗುವುದರಲ್ಲಿ ಅರ್ಥ ಇದೆಯಾ? ಅನುಭವ ಇರುವವರು ನೇರವಾಗಿ ಹೇಳಿ, ಬೇಜಾರಿಲ್ಲ.

ಸೀಲ್‌ಪಟ್ಟಿ ಬರೆದದ್ದು:

ಮೋಲ್ಡ್ ಆರ್ಡರ್ ಹೋಗುವ ಮೊದಲೇ ಕೇಳಿದ್ದೀರಲ್ಲ, ಒಳ್ಳೇದಾಯ್ತು. ಸಾಮಾನ್ಯವಾಗಿ ಈ ಪ್ರಶ್ನೆ ಬರುವುದು ಮೊದಲ ಬ್ಯಾಚ್ ತಯಾರಾಗಿ ಮೇಜಿನ ಮೇಲೆ ಕೂತ ಮೇಲೆ.

ಗಾಮಾ ವಿಷಯ ಮೊದಲು ಮುಗಿಸೋಣ. ಆ ಅಸಿಟಾಲ್ ಕೊಕ್ಕೆ ಇರುವವರೆಗೆ ಗಾಮಾ ಮರೆತುಬಿಡಿ. ವಿಕಿರಣ ಬಿದ್ದರೆ ಅಸಿಟಾಲ್‌ನ ಉದ್ದನೆಯ ಅಣು ಸರಪಳಿಗಳು ತುಂಡಾಗುತ್ತವೆ, ವಸ್ತು ಪೆಡಸಾಗಿ ಬಿರಿಯುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ಹಣೆಬರಹವೂ ಇದೇ. ಸಾಮಾನ್ಯ ಪಾಲಿಪ್ರೊಪಿಲಿನ್ ಇನ್ನೂ ಕಳ್ಳ. ಗಾಮಾದಿಂದ ಹೊರಬಂದ ದಿನ ಪರೀಕ್ಷೆ ಮಾಡಿದರೆ ಪಾಸ್ ಆಗುತ್ತದೆ, ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಮೇಲೆ ಮುರಿಯಲು ಶುರುವಾಗುತ್ತದೆ. ಒಳಗೆ ಉಳಿದುಹೋದ ಫ್ರೀ ರಾಡಿಕಲ್‌ಗಳು ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಅದಕ್ಕೇ. ಗಾಮಾಗಾಗಿಯೇ ತಯಾರಿಸಿದ ಪಾಲಿಪ್ರೊಪಿಲಿನ್ ಗ್ರೇಡ್‌ಗಳು ಸಿಗುತ್ತವೆ, ಆದರೆ ಡ್ರಾಯಿಂಗ್‌ನಲ್ಲಿ ಬರೀ "ಪಿಪಿ" ಅಂತ ಬರೆದರೆ ಯಾವುದು ಬರುತ್ತದೋ ದೇವರೇ ಬಲ್ಲ. ನಿಮ್ಮ ಎಬಿಎಸ್‌ಗೆ 25 ಕಿಲೋಗ್ರೇ ವಿಕಿರಣ ಡೋಸ್ ದೊಡ್ಡ ತೊಂದರೆಯಲ್ಲ, ಸ್ವಲ್ಪ ಹಳದಿಗೆ ತಿರುಗಬಹುದು ಅಷ್ಟೇ. ಆಟೋಕ್ಲೇವ್ ಬಗ್ಗೆ ನೀವು ಕೇಳಿಲ್ಲ, ಕೇಳುವುದೂ ಬೇಡ. 121 ಡಿಗ್ರಿ ಹಬೆಯಲ್ಲಿ ಎಬಿಎಸ್ ಹಿಡಿಕೆ ಸೊಟ್ಟಗಾಗುತ್ತದೆ.

ಹಾಗಾಗಿ ಎರಡೇ ದಾರಿ. ಕೊಕ್ಕೆಯ ವಸ್ತು ಬದಲಿಸಿ, ಇಲ್ಲವೇ ಇಟಿಒಗೆ ಹೋಗಿ. ವಸ್ತು ಬದಲಿಸುವುದಾದರೆ ಈಗಲೇ ಮಾಡಿ. ಅಸಿಟಾಲ್ ಅಚ್ಚಿನಿಂದ ಹೊರಬಂದ ಮೇಲೆ ಜಾಸ್ತಿ ಕುಗ್ಗುತ್ತದೆ, ಪಾಲಿಕಾರ್ಬೊನೇಟ್ ಅಷ್ಟು ಕುಗ್ಗುವುದಿಲ್ಲ. ಒಂದಕ್ಕೆ ಕತ್ತರಿಸಿದ ಮೋಲ್ಡ್‌ನಲ್ಲಿ ಇನ್ನೊಂದನ್ನು ಸುರಿದರೆ ಅಳತೆ ತಪ್ಪುತ್ತದೆ.

ಇಟಿಒ ಅಂದ ತಕ್ಷಣ ಪ್ಯಾಕ್ ಉಸಿರಾಡಬೇಕು. ಅನಿಲ ಒಳಗೆ ಹೋಗಬೇಕು, ತೇವ ಹೋಗಬೇಕು, ಕೆಲಸ ಆದ ಮೇಲೆ ಅನಿಲ ಪೂರ್ತಿ ಹೊರಗೆ ಬರಬೇಕು, ಆದರೆ ಸೂಕ್ಷ್ಮಜೀವಿ ಮಾತ್ರ ಒಳಗೆ ನುಸುಳಬಾರದು. ಇದಕ್ಕೆ ಮೆಡಿಕಲ್ ಗ್ರೇಡ್ ಕಾಗದ ಇದೆ, ಟೈವೆಕ್ ಇದೆ. ಟೈವೆಕ್ ಅಂದರೆ ಹೈ ಡೆನ್ಸಿಟಿ ಪಾಲಿಥಿನ್‌ನ ಅತಿ ತೆಳು ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ. 1955ರಲ್ಲಿ ಡ್ಯೂಪಾಂಟ್ ಪ್ರಯೋಗಾಲಯದಲ್ಲಿ ಒಂದು ಪೈಪಿನಿಂದ ಬಿಳಿ ನಾರು ಹೊರಬರುತ್ತಿದ್ದದ್ದನ್ನು ಯಾರೋ ಗಮನಿಸಿದ್ದರಿಂದ ಶುರುವಾದ ವಸ್ತು ಅದು, ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ಹರಿಯುವುದು ಕಷ್ಟ, ನೀರಿಗೆ ಮೆತ್ತಗಾಗುವುದಿಲ್ಲ, ಸರಿಯಾಗಿ ಸೀಲ್ ಮಾಡಿದ್ದರೆ ಬಿಡಿಸುವಾಗ ನಾರು ಉದುರುವುದಿಲ್ಲ. ಗಾಜ್ ಬಟ್ಟೆ, ಸಾಮಾನ್ಯ ಸಿರಿಂಜ್‌ಗಳಂಥ ಹಗುರದ ವಸ್ತುಗಳಿಗೆ ಕಾಗದವೇ ಸಾಕು. ನಿಮ್ಮದು ಭಾರ ಇದೆ, ಮೂಲೆ ಇದೆ, ಮೇಲೆ ಸೂಜಿ ಬೇರೆ. ನಾನಾದರೆ ಕಾಗದಕ್ಕೆ ಹೋಗುವುದಿಲ್ಲ.

ಪೌಚ್ ಮತ್ತು ಟ್ರೇ ನಡುವಿನ ಜಗಳ ಇರುವುದೂ ಆ ಭಾರದಲ್ಲೇ. ಬರೀ ಪೌಚ್‌ನಲ್ಲಿ ಹಿಡಿಕೆ ಆಚೆ ಈಚೆ ಓಲಾಡುತ್ತದೆ. ಲಾರಿಯಲ್ಲಿ ಗಂಟೆಗಟ್ಟಲೆ ಅದುರಿದಾಗ ಹಿಡಿಕೆಯ ಮೂಲೆ ಪೌಚ್‌ನ ಪ್ಲಾಸ್ಟಿಕ್ ಫಿಲ್ಮ್‌ನ ಒಂದೇ ಜಾಗಕ್ಕೆ ಉಜ್ಜಿ ಉಜ್ಜಿ ಪಿನ್‌ಹೋಲ್ ಆಗುತ್ತದೆ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಪಿಇಟಿಜಿ ಪ್ಲಾಸ್ಟಿಕ್ ಟ್ರೇ, ಮೇಲೆ ಟೈವೆಕ್ ಮುಚ್ಚಳ, ಇದು ಎಲ್ಲಕ್ಕಿಂತ ನಿಶ್ಚಿಂತೆ. ಆದರೆ ಟ್ರೇ ದೊಡ್ಡದು, ಅದಕ್ಕೆ ಬೇರೆ ಮೋಲ್ಡ್ ಬೇಕು, ಕಾರ್ಟನ್‌ನಲ್ಲಿ ಕಡಿಮೆ ಪೀಸ್ ಹಿಡಿಯುತ್ತದೆ. ಹಿಡಿಕೆಯ ಮೂಲೆಗಳನ್ನು ಈಗಲೇ ದುಂಡಗೆ ಮಾಡಿದರೆ ಪೌಚ್ ದಾರಿಯೂ ತೆರೆದಿರುತ್ತದೆ. ಡ್ರಾಯಿಂಗ್‌ನಲ್ಲಿ ಹತ್ತು ನಿಮಿಷದ ಕೆಲಸ.

ಸ್ಟೆರೈಲ್ ಪ್ಯಾಕಿಂಗ್‌ನ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11607 ಓದಿ, ಎರಡು ಭಾಗ ಇದೆ. ಮೊದಲನೆಯದು ವಸ್ತು ಮತ್ತು ಸ್ಟೆರೈಲ್ ಬ್ಯಾರಿಯರ್ (ಸೂಕ್ಷ್ಮಜೀವಿ ತಡೆಯುವ ಪ್ಯಾಕ್) ಬಗ್ಗೆ, ಎರಡನೆಯದು ಸೀಲಿಂಗ್ ಮತ್ತು ಜೋಡಣೆಯ ವ್ಯಾಲಿಡೇಶನ್ (ಪ್ರತಿ ಸಲ ಸರಿಯಾಗೇ ಬರುತ್ತದೆ ಅಂತ ಸಾಬೀತು ಮಾಡುವುದು) ಬಗ್ಗೆ. ಎರಡನೆಯದನ್ನು ಓದದೇ ಸೀಲರ್ ಮೆಷಿನ್ ಖರೀದಿಗೆ ಕೈ ಹಾಕಬೇಡಿ.

ಥಿಯೇಟರ್‌ಸಿಸ್ಟರ್ ಬರೆದದ್ದು:

ಮೇಲಿನವರು ಹೇಳಿದ್ದೆಲ್ಲ ಸರಿ ಇರಬಹುದು, ಆದರೆ ಪ್ಯಾಕ್ ಬಿಡಿಸುವವರು ನಾವು. ಡಿಸೈನ್ ಮಾಡುವವರು ಒಂದು ಸಲ ಗ್ಲೌಸ್ ಹಾಕಿಕೊಂಡು, ಕೈ ಸ್ವಲ್ಪ ಒದ್ದೆ ಇರುವಾಗ, ನಿಂತುಕೊಂಡೇ ತಮ್ಮ ಪ್ಯಾಕ್ ಬಿಡಿಸಿ ನೋಡಲಿ.

ನಡೆಯುವುದು ಹೀಗೆ. ಒಬ್ಬರು ಹೊರಗಿಂದ ಪ್ಯಾಕ್ ಬಿಡಿಸುತ್ತಾರೆ, ಅವರ ಕೈ ಸ್ಟೆರೈಲ್ ಅಲ್ಲ. ಇನ್ನೊಬ್ಬರು ಗೌನು, ಗ್ಲೌಸ್ ಹಾಕಿಕೊಂಡು ಸ್ಟೆರೈಲ್ ಆಗಿ ನಿಂತಿರುತ್ತಾರೆ, ಅವರು ಒಳಗಿನ ವಸ್ತುವನ್ನು ಪ್ಯಾಕ್‌ನ ಹೊರಭಾಗಕ್ಕೆ ತಾಗಿಸದೆ ಎತ್ತಿಕೊಳ್ಳಬೇಕು. ಇಷ್ಟೇ ಕೆಲಸ, ಆದರೆ ಕೆಟ್ಟ ಪ್ಯಾಕ್ ಇದ್ದರೆ ಇದರಲ್ಲೇ ಎಲ್ಲ ಹಾಳು. ಹಿಡಿಯುವ ತುದಿ ಒಂದು ಬೆರಳಿನಷ್ಟೂ ಇರುವುದಿಲ್ಲ, ಎರಡು ಪದರ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಗ್ಲೌಸ್ ಜಾರುತ್ತದೆ. ಬಿಗಿಯಾಗಿ ಎಳೆದರೆ ಪಟ್ ಅಂತ ಬಿಟ್ಟುಕೊಂಡು ಒಳಗಿನದು ಹಾರಿ ನೆಲಕ್ಕೆ. ಇಲ್ಲವೇ ಫಿಲ್ಮ್ ಅಡ್ಡಡ್ಡ ಹರಿದು, ಹರಿದ ಅಂಚು ಒಳಕ್ಕೆ ಸುರುಳಿ ಸುತ್ತಿಕೊಂಡು ವಸ್ತುವಿಗೆ ತಾಗುತ್ತದೆ. ತಾಗಿದರೆ ಅದು ಕಸದ ಬುಟ್ಟಿಗೇ, ಬೇರೆ ಮಾತಿಲ್ಲ.

ನಿಮ್ಮದು ಸೂಜಿ ಇರುವ ವಸ್ತು. ದಯವಿಟ್ಟು ಪ್ಯಾಕ್ ಬಿಡಿಸಿದಾಗ ಹಿಡಿಕೆ ಮೊದಲು ಕಾಣುವ ಹಾಗೆ ಇಡಿ, ಸೂಜಿ ಮೊದಲು ಅಲ್ಲ. ಬಾಣದ ತುದಿಯ ಹಾಗೆ ಸೀಲ್ ಇರುವ ಪೌಚ್ ಬರುತ್ತದಲ್ಲ, ಬಿಡಿಸಲು ಶುರು ಮಾಡುವುದು ಆ ತುದಿಯಿಂದ, ಹಿಡಿಕೆ ಆ ಕಡೆ ಬರಲಿ. ಟ್ರೇ ಮಾಡುವುದಾದರೆ ಹಿಡಿಕೆಯ ಎರಡೂ ಪಕ್ಕ ಬೆರಳು ಹೋಗುವಷ್ಟು ಗುಂಡಿ ಬಿಡಿ. ಕೆಲವು ಟ್ರೇಗಳಲ್ಲಿ ವಸ್ತು ಎಷ್ಟು ಬಿಗಿಯಾಗಿ ಕೂತಿರುತ್ತದೆ ಅಂದರೆ, ತೆಗೆಯಲು ಟ್ರೇಯನ್ನೇ ಬೋರಲು ಹಾಕಿ ಬಡಿಯಬೇಕು.

ಲೇಬಲ್ ಬಗ್ಗೆಯೂ ಹೇಳಬೇಕು. ಬಯಾಪ್ಸಿ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುತ್ತಾರೆ, ಕೋಣೆಯ ಲೈಟ್ ತಗ್ಗಿಸಿರುತ್ತಾರೆ. ಆ ಮಬ್ಬಿನಲ್ಲಿ ಸೂಜಿಯ ಗೇಜ್ (ದಪ್ಪದ ಅಳತೆ) ಮತ್ತು ಉದ್ದ ಓದುವ ಹಾಗಿರಬೇಕು. ನಿಮ್ಮ ಕಂಪನಿಯ ಲೋಗೋ ಚಿಕ್ಕದಾದರೆ ನಮಗೇನೂ ನಷ್ಟವಿಲ್ಲ, ಗೇಜ್ ಅಂಕಿ ದೊಡ್ಡದಿರಲಿ. ಕಪಾಟಿನಲ್ಲಿ ಬಾಕ್ಸ್‌ಗಳನ್ನು ಪುಸ್ತಕದ ಹಾಗೆ ಜೋಡಿಸಿರುತ್ತೇವೆ, ಹಾಗಾಗಿ ಗೇಜ್ ಮತ್ತು ಎಕ್ಸ್‌ಪೈರಿ ಬಾಕ್ಸ್‌ನ ಚಿಕ್ಕ ಪಕ್ಕದಲ್ಲೂ ಕಾಣಲಿ. ಬಾರ್‌ಕೋಡ್‌ ಅನ್ನು ಪೌಚ್‌ನ ಸುಕ್ಕಾಗುವ ಜಾಗದಲ್ಲಿ ಹಾಕಬೇಡಿ, ಸ್ಕ್ಯಾನರ್ ಓದುವುದಿಲ್ಲ.

ಸ್ಪ್ರಿಂಗ್ ಎಳೆದಿಟ್ಟು ಕಳಿಸುವುದು ಬೇಡವೇ ಬೇಡ. ಪ್ಯಾಕ್‌ನಿಂದ ತೆಗೆಯುವಾಗ ಬೆರಳು ಬಟನ್‌ಗೆ ತಾಗಿದರೆ ಸೂಜಿ ಯಾರ ಕೈಗೆ ಹೋಗುತ್ತದೆ, ಯೋಚಿಸಿ.

ಮೋಲ್ಡ್‌ಮಾಮ ಬರೆದದ್ದು:

ಸಿಸ್ಟರ್ ಮಾತಿಗೆ ನನ್ನ ಕಡೆಯಿಂದ ಇನ್ನೊಂದು ಕಾರಣ ಸೇರಿಸುತ್ತೇನೆ. ಪ್ಲಾಸ್ಟಿಕ್ ಮೇಲೆ ಸದಾ ಭಾರ ಹೊರಿಸಿಟ್ಟರೆ ಅದು ನಿಧಾನವಾಗಿ ಬಗ್ಗುತ್ತದೆ, ಬಿಸಿ ಇದ್ದರೆ ಇನ್ನೂ ಬೇಗ. ಇದಕ್ಕೆ ಕ್ರೀಪ್ ಅಂತಾರೆ. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಎರಡು ವರ್ಷ ಗೋದಾಮಿನಲ್ಲಿ ಕೂತರೆ ಕೊಕ್ಕೆಯ ಹಿಡಿತ ಸಡಿಲವಾಗುತ್ತದೆ. ಆಗ ಒಂದೋ ಬಟನ್ ಒತ್ತುವ ಮೊದಲೇ ಹಾರುತ್ತದೆ, ಇಲ್ಲವೇ ಬಟನ್ ಒತ್ತುವ ಬಲ ಪೀಸ್‌ನಿಂದ ಪೀಸ್‌ಗೆ ಬದಲಾಗುತ್ತದೆ. ಕಾರ್ಟನ್ ಕೆಳಗೆ ಬಿದ್ದರೆ ಒಳಗೇ ಹಾರಿ ಸೂಜಿ ಪೌಚ್ ತೂತು ಮಾಡಿಕೊಂಡು ಹೊರಗೆ ಬಂದೀತು. ಎಳೆಯದೇ ಕಳಿಸಿ. ಎಳೆಯುವ ಕೆಲಸ ಒಂದೇ ಕೈಯಲ್ಲಿ ಆಗುವ ಹಾಗೆ ಹಿಡಿಕೆ ಮಾಡಿಕೊಟ್ಟರೆ ಮಾರ್ಕೆಟಿಂಗ್‌ನವರೂ ಸುಮ್ಮನಾಗುತ್ತಾರೆ.

ಹಿಡಿಕೆಯ ಎರಡು ಅರ್ಧ ಹೇಗೆ ಕೂಡಿಸುತ್ತೀರಿ? ಸುತ್ತಲೂ ಅಲ್ಟ್ರಾಸಾನಿಕ್ ವೆಲ್ಡ್ ಮಾಡಿ ಒಳಗೆ ಗಾಳಿಯಾಡದ ಗೂಡು ಮಾಡಿದರೆ ಇಟಿಒ ಒಳಗೆ ಹೋಗುವುದೇ ಕಷ್ಟ, ಹೋದದ್ದು ಹೊರಗೆ ಬರುವುದು ಇನ್ನೂ ಕಷ್ಟ. ಎರಡು ಮೂರು ಕಡೆ ತೆರವು ಬಿಡಿ. ಮೋಲ್ಡ್ ರಿಲೀಸ್ ಸ್ಪ್ರೇ (ಭಾಗ ಅಚ್ಚಿನಿಂದ ಸಲೀಸಾಗಿ ಬಿಡಲು ಹೊಡೆಯುವುದು) ಬಳಸಬೇಡಿ ಅಂತ ಮೋಲ್ಡರ್‌ಗೆ ಬರೆದೇ ಕೊಡಿ. ಅದು ಭಾಗದ ಮೇಲೆ ಉಳಿಯುತ್ತದೆ, ಪೌಚ್‌ನ ಸೀಲ್ ಜಾಗಕ್ಕೆ ಒರೆಸಿಕೊಂಡರೆ ಸೀಲ್ ಹಿಡಿಯುವುದಿಲ್ಲ. ಸೂಜಿಗೆ ಸಿಲಿಕೋನ್ ಎಣ್ಣೆ ಹಚ್ಚುತ್ತೀರಾದರೆ ಅದಕ್ಕೂ ಇದೇ ಮಾತು.

ಕೋಬಾಲ್ಟ್‌ಗೆಳೆಯ ಬರೆದದ್ದು:

ನಾನು ಸ್ಟೆರಿಲೈಸೇಶನ್ ಕಡೆಯವನು, ಎರಡೂ ಬಗೆಯ ಪ್ಲಾಂಟ್‌ನಲ್ಲಿ ಕೆಲಸ ಮಾಡಿದ್ದೇನೆ. ಗಾಮಾ ಬಗ್ಗೆ ಜನ ಹೆದರುವುದು ಜಾಸ್ತಿಯಾಯಿತು ಅಂತ ನನಗನ್ನಿಸುತ್ತದೆ. ಪೂರ್ತಿ ಸೀಲ್ ಆದ ಕಾರ್ಟನ್ ಹಾಗೇ ಒಳಗೆ ಹೋಗುತ್ತದೆ, ಹಾಗೇ ಹೊರಗೆ ಬರುತ್ತದೆ. ಪ್ಯಾಕ್ ಉಸಿರಾಡಬೇಕಾಗಿಲ್ಲ, ಉಳಿಕೆ ಅನಿಲ ಇಲ್ಲ, ಕಾಯುವುದಿಲ್ಲ. ನಿಯಂತ್ರಿಸಬೇಕಾದ್ದು ಮುಖ್ಯವಾಗಿ ಒಂದೇ, ಡೋಸ್. ಕೊಕ್ಕೆಯೊಂದಕ್ಕೆ ಬೇರೆ ವಸ್ತು ಸಿಕ್ಕರೆ ಗಾಮಾವನ್ನು ಅಷ್ಟು ಬೇಗ ಕೈಬಿಡಬೇಡಿ. ಗಾಮಾ ಕಿರಣ ಕೊಡುವ ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ, ಅಂದರೆ ತಿಂಗಳಿಗೆ ಸುಮಾರು ಶೇ 1ರಷ್ಟು ಶಕ್ತಿ ತಾನಾಗೇ ಇಳಿಯುತ್ತದೆ. ಪ್ಲಾಂಟ್‌ನವರು ಆ ಲೆಕ್ಕ ನೋಡಿಕೊಂಡು ಸಮಯ ಹೆಚ್ಚಿಸುತ್ತಾರೆ, ನಿಮಗೆ ಅದರ ಚಿಂತೆ ಬೇಡ.

ಇಟಿಒ ಮಾತಿಗೆ ಬರೋಣ. ಕುದಿಯುವ ಬಿಂದು ಸುಮಾರು 11 ಡಿಗ್ರಿ, ಅಂದರೆ ಸಾಮಾನ್ಯ ಉಷ್ಣತೆಯಲ್ಲಿ ಅನಿಲ. ಬೆಂಕಿ ಹತ್ತುತ್ತದೆ, ಕ್ಯಾನ್ಸರ್ ತರುತ್ತದೆ ಅಂತಲೂ ಖಚಿತವಾಗಿದೆ. ಹಾಗಿದ್ದೂ ಅಮೆರಿಕದ ಔಷಧ, ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಕಾರ ಅಲ್ಲಿ ಬಳಕೆಯಾಗುವ ಸ್ಟೆರೈಲ್ ಉಪಕರಣಗಳಲ್ಲಿ ಸುಮಾರು ಅರ್ಧ ಇದರಿಂದಲೇ ಹೊರಬರುತ್ತವೆ. ಕಾರಣ ಸರಳ: ಕಡಿಮೆ ಬಿಸಿ, ಮೂಲೆ ಮೂಲೆಗೂ ನುಗ್ಗುತ್ತದೆ, ಪ್ಲಾಸ್ಟಿಕ್‌ಗಳನ್ನು ಹೆಚ್ಚು ಕೆಡಿಸುವುದಿಲ್ಲ.

ಆದರೆ ಪ್ಯಾಕ್ ಡಿಸೈನ್ ಮಾಡುವವರು ಒಂದು ವಿಷಯ ಮರೆಯುತ್ತಾರೆ. ಚೇಂಬರ್‌ನಲ್ಲಿ ಮೊದಲು ಗಾಳಿ ಎಳೆದು ತೆಗೆಯುತ್ತೇವೆ. ಹೊರಗೆ ಒತ್ತಡ ಇಳಿದಾಗ ಪೌಚ್ ಬಲೂನಿನ ಹಾಗೆ ಉಬ್ಬುತ್ತದೆ. ಒಳಗಿನ ಗಾಳಿ ಟೈವೆಕ್ ಮೂಲಕ ಬೇಗ ಹೊರಬಂದರೆ ಸರಿ, ಇಲ್ಲದಿದ್ದರೆ ಸೀಲ್ ಮೇಲೆ ಎಳೆತ ಬಿದ್ದು ಅದು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಳ್ಳುತ್ತದೆ. ಇಷ್ಟಾದ ಮೇಲೆ ಯಾರೋ ಬಂದು ಟೈವೆಕ್ ಕಡೆಗೇ ಅಂಗೈ ಅಗಲದ ಲೇಬಲ್ ಅಂಟಿಸಿರುತ್ತಾರೆ! ಉಸಿರಾಡುವ ಜಾಗವನ್ನೇ ಮುಚ್ಚಿದ ಮೇಲೆ ಅನಿಲ ಎಲ್ಲಿಂದ ಹೋಗಬೇಕು? ಲೇಬಲ್ ಫಿಲ್ಮ್ ಕಡೆ ಅಂಟಿಸಿ, ಇಲ್ಲವೇ ಟೈವೆಕ್ ಮೇಲೆ ನೇರವಾಗಿ ಪ್ರಿಂಟ್ ಮಾಡಿಸಿ. ನಿಮ್ಮ ಟೊಳ್ಳು ಸೂಜಿ, ಅದರ ಮೇಲಿನ ಕೊಳವೆ ಎರಡಕ್ಕೂ ತುದಿ ತೆರೆದಿರಲಿ. ಹೊರಬಂದ ಮೇಲೆ ಗಾಳಿಯಾಡಿಸಿ ಉಳಿಕೆ ಅಳೆಯಬೇಕು. 24 ಗಂಟೆಗಿಂತ ಕಡಿಮೆ ಹೊತ್ತು ದೇಹಕ್ಕೆ ತಾಗುವ ಉಪಕರಣಗಳಿಗೆ ಐಎಸ್‌ಒ 10993-7 ಪ್ರಕಾರ ರೋಗಿಗೆ ಸೇರುವ ಇಟಿಒ 4 ಮಿಲಿಗ್ರಾಂ ದಾಟಬಾರದು.

ಹೊಸದರ ಬಗ್ಗೆ ಕೇಳಿದ್ದೀರಿ. ಆವಿಯಾದ ಹೈಡ್ರೋಜನ್ ಪೆರಾಕ್ಸೈಡ್ ನಿಜಕ್ಕೂ ಮುಂದೆ ಬರುತ್ತಿದೆ. 2024ರ ಜನವರಿಯಲ್ಲಿ ಎಫ್‌ಡಿಎ ಅದನ್ನು ಇಟಿಒ, ಹಬೆ, ವಿಕಿರಣ ಇರುವ ಸ್ಥಾಪಿತ ವಿಧಾನಗಳ ಸಾಲಿಗೇ ಸೇರಿಸಿತು. ಕೊನೆಗೆ ಉಳಿಯುವುದು ನೀರು ಮತ್ತು ಆಮ್ಲಜನಕ. ಆದರೆ ಕಾಗದ, ರಟ್ಟು ಏನಿದ್ದರೂ ಪೆರಾಕ್ಸೈಡ್ ಅನ್ನು ಹೀರಿಕೊಂಡುಬಿಡುತ್ತವೆ, ಸೈಕಲ್ ಅರ್ಧಕ್ಕೇ ನಿಲ್ಲುತ್ತದೆ. ಉದ್ದ ತೆಳು ಕೊಳವೆಯೊಳಗೆ ಹೋಗುವುದರಲ್ಲೂ ಇಟಿಒ ಸಮ ಬರುವುದಿಲ್ಲ. ಟೊಳ್ಳು ಸೂಜಿ ಇರುವ ನಿಮಗೆ ಇದು ಮೊದಲ ಆಯ್ಕೆ ಅಲ್ಲ. ಎಕ್ಸ್-ರೇ ಒಳ್ಳೆಯದು: ಮೆಷಿನ್ ಆಫ್ ಮಾಡಿದರೆ ವಿಕಿರಣ ನಿಲ್ಲುತ್ತದೆ, ಇ-ಬೀಮ್‌ಗಿಂತ (ಎಲೆಕ್ಟ್ರಾನ್ ಕಿರಣಕ್ಕಿಂತ) ಆಳಕ್ಕೆ ಹೋಗುತ್ತದೆ. ಆದರೆ ಅಸಿಟಾಲ್‌ಗೆ ಗಾಮಾ ಆದರೇನು ಎಕ್ಸ್-ರೇ ಆದರೇನು, ಎರಡೂ ಒಂದೇ ಶತ್ರು.

ಸ್ಪ್ರಿಂಗ್‌ಬಟನ್ ಬರೆದದ್ದು:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಸ್ಪ್ರಿಂಗ್ ಎಳೆಯದೇ ಕಳಿಸುವುದು ಈಗಲೇ ಖಚಿತವಾಯಿತು, ಸಿಸ್ಟರ್ ಬರೆದ ಒಂದು ಸಾಲನ್ನು ಮಾರ್ಕೆಟಿಂಗ್‌ಗೆ ಕಳಿಸಿದೆ, ಮರುಮಾತಿಲ್ಲ. ಕೊಕ್ಕೆ ಬದಲಿಸಲು ನಮ್ಮವರಿಗೆ ಮನಸ್ಸಿಲ್ಲ, ಅಸಿಟಾಲ್‌ನ ಜಾರಿಕೆ ಬೇರೆಯದರಲ್ಲಿ ಸಿಗುತ್ತಿಲ್ಲ. ಹಾಗಾಗಿ ಇಟಿಒ. ಹಿಡಿಕೆಯಲ್ಲಿ ವೆಂಟ್ ಸೇರಿಸುತ್ತಿದ್ದೇವೆ, ಮೂಲೆ ದುಂಡಗೆ ಮಾಡುತ್ತಿದ್ದೇವೆ.

ಉಳಿದದ್ದು ಎರಡು. ಟ್ರೇ ನಮಗೆ ತುಂಬಾ ದೊಡ್ಡದಾಗುತ್ತಿದೆ, ಮಧ್ಯದ ದಾರಿ ಏನಾದರೂ ಇದೆಯಾ? ಮತ್ತೆ ಎಕ್ಸ್‌ಪೈರಿಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮರುಬಳಕೆ ಆಗುವ ಪ್ಯಾಕ್ ಬಗ್ಗೆಯೂ ಕುತೂಹಲ ಇದೆ.

ಥಿಯೇಟರ್‌ಸಿಸ್ಟರ್ ಬರೆದದ್ದು:

ಮರುಬಳಕೆ ಬಗ್ಗೆ ನಾನೇ ಹೇಳುತ್ತೇನೆ, ಕಸ ತುಂಬುವುದು ನಮ್ಮ ಕೋಣೆಯಲ್ಲೇ ತಾನೆ. ರೋಗಿಯ ರಕ್ತ ತಾಗುವ ಮೊದಲೇ ಬಿಡಿಸಿದ ಪ್ಯಾಕ್‌ಗಳು ಶುದ್ಧವಾಗೇ ಇರುತ್ತವೆ, ಬೇರೆ ಚೀಲಕ್ಕೆ ಹಾಕಬಹುದು. ಆದರೆ ಒಂದು ಕಡೆ ಎರಡು ಮೂರು ಬಗೆಯ ಪ್ಲಾಸ್ಟಿಕ್ ಅಂಟಿಸಿದ ಫಿಲ್ಮ್, ಇನ್ನೊಂದು ಕಡೆ ಕಾಗದ, ನಡುವೆ ಗೋಂದು ಇದ್ದರೆ ಯಾವ ಚೀಲಕ್ಕೆ ಹಾಕುವುದು? ಗಲಾಟೆಯ ನಡುವೆ ಯಾರೂ ಬೇರ್ಪಡಿಸುತ್ತಾ ಕೂರುವುದಿಲ್ಲ. ಹಸಿರು ಎಲೆಯ ಚಿತ್ರ ಹಾಕುವುದಕ್ಕಿಂತ ಪ್ಯಾಕ್ ಅನ್ನೇ ಚಿಕ್ಕದು ಮಾಡಿ. ಒಂದು ಸೂಜಿಗೆ ಒಂದು ಪೌಚ್, ಅದರ ಸುತ್ತ ಬಾಕ್ಸ್, ಒಳಗೆ ಹತ್ತು ಭಾಷೆಯ ಮಡಚಿದ ಕೈಪಿಡಿ, ಇದೆಲ್ಲ ಪ್ರತಿ ಪೀಸ್‌ಗೂ ಯಾಕೆ?

ಸೀಲ್‌ಪಟ್ಟಿ ಬರೆದದ್ದು:

ಸಿಸ್ಟರ್ ಹೇಳಿದ್ದೇ ಸರಿ. ಟೈವೆಕ್ ತಾನೇ ಪಾಲಿಥಿನ್, ಹಾಗಾಗಿ ಫಿಲ್ಮ್ ಕಡೆಯೂ ಬರೀ ಪಾಲಿಥಿನ್ ಇರುವ ಪೌಚ್ ಮಾಡಿದರೆ ಕಾಗದದ್ದಕ್ಕಿಂತ ಬೇರ್ಪಡಿಸುವುದು ಸುಲಭ. ಸೂಜಿ ಚುಚ್ಚಿಕೊಳ್ಳುವುದನ್ನು ಅದು ತಡೆಯುತ್ತದಾ ಅಂತ ಮೊದಲು ನೋಡಬೇಕು. ಕಸ ಕಡಿಮೆ ಮಾಡಲು ಹೋಗಿ ಪ್ಯಾಕ್ ತೂತಾದರೆ ಉಪಕರಣವೂ ಕಸವೇ.

ಮಧ್ಯದ ದಾರಿ ಇದೆ. ಹೈ ಡೆನ್ಸಿಟಿ ಪಾಲಿಥಿನ್ ಹಾಳೆಯನ್ನು ಕತ್ತರಿಸಿ, ನಾಲಿಗೆಗಳನ್ನು ಎಬ್ಬಿಸಿ ಮಾಡಿದ ಕಾರ್ಡ್. ಗನ್ ಅದಕ್ಕೆ ಸಿಕ್ಕಿಸಿ ಕೂರಿಸುತ್ತೀರಿ, ಸೂಜಿಯ ತುದಿ ಕಾರ್ಡ್‌ನ ಅಂಚಿಗಿಂತ ಒಳಗೇ ಇರುತ್ತದೆ, ಇಡೀ ಕಾರ್ಡ್ ಪೌಚ್‌ಗೆ ಹೋಗುತ್ತದೆ. ಹಿಡಿಕೆ ಓಲಾಡುವುದಿಲ್ಲ, ಟ್ರೇ ಮೋಲ್ಡ್ ಬೇಡ, ಡೈ ಒಂದೇ ಸಾಕು. ಕ್ಯಾಥೆಟರ್‌ಗಳಿಗೆ ಇದನ್ನು ಧಾರಾಳವಾಗಿ ಬಳಸುತ್ತಾರೆ. ರಟ್ಟಿನ ಕಾರ್ಡ್ ಬೇಡ, ಸ್ಟೆರೈಲ್ ಪ್ಯಾಕ್‌ನೊಳಗೆ ನಾರು ಉದುರಿಸುತ್ತದೆ. ಕಾರ್ಡ್‌ನ ಮೂಲೆ ದುಂಡಗಿರಲಿ, ಇಲ್ಲದಿದ್ದರೆ ಹಿಡಿಕೆ ಮಾಡುತ್ತಿದ್ದ ತೂತನ್ನು ಕಾರ್ಡ್ ಮಾಡುತ್ತದೆ.

ಎಕ್ಸ್‌ಪೈರಿ ವಿಷಯ. ಎರಡು ವರ್ಷ ಕಾಯದೆ ಮಾರುಕಟ್ಟೆಗೆ ಹೋಗಬಹುದು, ಆದರೆ ಕಾಯುವುದನ್ನು ಬಿಡುವ ಹಾಗಿಲ್ಲ. ಎಎಸ್‌ಟಿಎಂ ಎಫ್1980 ಅಂತ ಒಂದು ಮಾರ್ಗಸೂಚಿ ಇದೆ. ಅದರ ಆಧಾರ ಇಷ್ಟು: ಉಷ್ಣತೆ 10 ಡಿಗ್ರಿ ಏರಿದರೆ ವಸ್ತು ಹಳೆಯದಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಗೋದಾಮು 25 ಡಿಗ್ರಿ ಅಂದುಕೊಳ್ಳಿ, ನೀವು ಪ್ಯಾಕ್‌ಗಳನ್ನು 55ರ ಒಲೆಯಲ್ಲಿ (ಓವನ್) ಇಡುತ್ತೀರಿ, 30 ಡಿಗ್ರಿ ವ್ಯತ್ಯಾಸ. ಎರಡರ ಎರಡರ ಎರಡು, ಎಂಟು ಪಟ್ಟು. 730 ದಿನವನ್ನು ಎಂಟರಿಂದ ಭಾಗಿಸಿದರೆ ಸುಮಾರು 91 ದಿನ. ಬೇಗ ಮುಗಿಯಲಿ ಅಂತ 70 ಡಿಗ್ರಿಗೆ ಏರಿಸುವ ಆಸೆ ಬೇಡ, 60ರ ಮೇಲೆ ಹೋದರೆ ಗೋದಾಮಿನಲ್ಲಿ ಎಂದೂ ಆಗದ ಬದಲಾವಣೆಗಳು ಶುರುವಾಗುತ್ತವೆ. ಇದರ ಜೊತೆಗೇ ಅದೇ ದಿನ ಇನ್ನೊಂದು ಗುಂಪು ಪ್ಯಾಕ್‌ಗಳನ್ನು ಸಾಮಾನ್ಯ ಉಷ್ಣತೆಯಲ್ಲಿ ನಿಜವಾದ ಎರಡು ವರ್ಷಕ್ಕೆ ಇಡಬೇಕು. ಅದರ ಫಲಿತಾಂಶ ಬರುವವರೆಗೆ ಒಲೆಯ ಲೆಕ್ಕ ತಾತ್ಕಾಲಿಕ ಅಷ್ಟೇ.

ಪರೀಕ್ಷೆಗೆ ಪ್ಯಾಕ್ ಆರಿಸುವಾಗ ಚಂದದವನ್ನು ಆರಿಸಬೇಡಿ. ಸೀಲರ್‌ಗೆ ಉಷ್ಣತೆ, ಒತ್ತಡ, ಸಮಯ ಮೂರಕ್ಕೂ ಮೇಲಿನ ಮಿತಿ ಕೆಳಗಿನ ಮಿತಿ ಇರುತ್ತದೆ. ಕೆಳಮಿತಿಯಲ್ಲಿ ಸೀಲ್ ಮಾಡಿದವು ಬಿಟ್ಟುಕೊಳ್ಳುತ್ತವಾ ನೋಡಿ, ಮೇಲ್ಮಿತಿಯವು ಬಿಡಿಸುವಾಗ ಹರಿದು ನಾರೇಳುತ್ತವಾ ನೋಡಿ. ಎಲ್ಲವೂ ಇಟಿಒ ಆಗಿರಬೇಕು. ಮರು ಸ್ಟೆರಿಲೈಸೇಶನ್‌ಗೆ ಅವಕಾಶ ಇಟ್ಟುಕೊಳ್ಳುವುದಾದರೆ ಎರಡು ಸಲ ಆದವು.

ಸೋರಿಕೆಗೆ ಬಬಲ್ ಟೆಸ್ಟ್ ಒಂದನ್ನೇ ನಂಬಬೇಡಿ. ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುವ ಆ ಪರೀಕ್ಷೆ ಸುಮಾರು 250 ಮೈಕ್ರಾನ್‌ನಷ್ಟು ದೊಡ್ಡ ತೂತಿಗೆ, ಪೌಚ್‌ನ ಮೈಯಲ್ಲಿ ಆದದ್ದಕ್ಕೆ. ಸೀಲ್‌ನೊಳಗಿನ ಸಣ್ಣ ಕಾಲುವೆಗೆ ಬಣ್ಣದ ನೀರಿನ ಪರೀಕ್ಷೆ ಬೇಕು, ಅದು 50 ಮೈಕ್ರಾನ್‌ವರೆಗೆ ಹಿಡಿಯುತ್ತದೆ. ಟೈವೆಕ್‌ನಲ್ಲಿ ಬಣ್ಣ ತಾನಾಗೇ ಹರಡಲು ಶುರುಮಾಡುತ್ತದೆ, ಕೆಲವೇ ಸೆಕೆಂಡುಗಳಲ್ಲಿ ನೋಡಿ ಬರೆದುಕೊಳ್ಳಬೇಕು, ಫೋನ್ ಬಂತು ಅಂತ ಎದ್ದು ಹೋದರೆ ಆ ಪ್ಯಾಕ್ ವ್ಯರ್ಥ.

ಕೊನೆಯದಾಗಿ, ಸಾಗಣೆ ಪರೀಕ್ಷೆಗೆ ಮತ್ತು ಒಲೆಗೆ ಬೇರೆ ಬೇರೆ ಪ್ಯಾಕ್‌ಗಳನ್ನು ಇಡಿ. ಒಲೆಯಿಂದ ತೆಗೆದು ಅದನ್ನೇ ಬೀಳಿಸಿ ಅದುರಿಸಿದರೆ, ಸೀಲ್ ಬಿಟ್ಟಾಗ ಕಾರಣ ವಯಸ್ಸಾ ಲಾರಿಯಾ ಅಂತ ಹೇಳಲಾಗುವುದಿಲ್ಲ. ಸಾಗಣೆ ಪರೀಕ್ಷೆಗೆ ನಿಜವಾದ ಗನ್ ಒಳಗಿರಬೇಕು, ತೂಕಕ್ಕೆ ಅಂತ ಬೇರೆ ಏನನ್ನೋ ಹಾಕಿದರೆ ಆಗುವುದಿಲ್ಲ. ಹಾಗಾಗಿ ಮೋಲ್ಡ್‌ನ ಮೊದಲ ಪೀಸ್‌ಗಳಲ್ಲಿ ಇಂತಿಷ್ಟು ಪ್ಯಾಕಿಂಗ್ ಪರೀಕ್ಷೆಗೆ ಅಂತ ಆರ್ಡರ್‌ನಲ್ಲೇ ಬರೆಸಿ, ಇಲ್ಲದಿದ್ದರೆ ಎಲ್ಲವನ್ನೂ ಡಾಕ್ಟರುಗಳಿಗೆ ಸ್ಯಾಂಪಲ್ ಅಂತ ಹಂಚಿಬಿಡುತ್ತಾರೆ.